ಹಿತ್ತಲಿಗೆ ಸರಿದ ವಿಳಾಸ

ದೇಶದ ನೆಲವನ್ನೆಲ್ಲ ನಾಲ್ಕೈದು ಹೆಜ್ಜೆಯ ಚೌಕಗಳಾಗಿ ಸೀಳಿ, ಒಂದೊಂದು ಚೌಕಕ್ಕೂ ಹತ್ತು ಅಕ್ಷರಗಳ ಡಿಜಿಟಲ್ ವಿಳಾಸ ಕೊಡುವ ಮಹತ್ಕಾರ್ಯದಲ್ಲಿ, ಹೊಸದುರ್ಗದ ನಮ್ಮ ಬೀದಿಯ ಹೊಣೆ ನನ್ನ ಹೆಗಲೇರಿತ್ತು. ಯಾರೂ ಏರಿಸಿರಲಿಲ್ಲ. ನಿವೃತ್ತ ಗಣಿತದ ಮೇಷ್ಟ್ರ ಹೆಗಲು ಖಾಲಿ ಇದ್ದರೆ ತಾನಾಗಿಯೇ ಬಾಗುತ್ತದೆ. ಅಂಚೆ, ಸಿಲಿಂಡರು, ಆಂಬುಲೆನ್ಸು ಇನ್ನು ದಾರಿ ಕೇಳದೆ ಬರುತ್ತವೆ ಎಂದು ಮನೆಮನೆಗೆ ಸಾರಿದೆ. ಬಾಗಿಲ ಮುಂದೆ ನಿಂತು, ಫೋನು ತೋರಿಸಿದ ವಿಳಾಸವನ್ನು ಅವರವರ ಹೆಸರಿಗೆ ಉಳಿಸಿಕೊಟ್ಟೆ.

ವಿಳಾಸದ ಕೊನೆಯಲ್ಲಿ ಎಂಟು ಬಂದವರು ಮುಖ ಸಣ್ಣ ಮಾಡಿದರು. ಎಂಟು ಶನಿಯದಂತೆ. ಕೊಬ್ಬರಿ ವ್ಯಾಪಾರಿಯೊಬ್ಬರು, "ಎರಡು ಹೆಜ್ಜೆ ಆಚಿಗೆ ನಿಂತ್ಕಳ್ರಿ ಮೇಷ್ಟ್ರೇ, ಒಂಬತ್ತು ಬಂದ್ರೂ ಬರಬೋದು" ಎಂದರು. ಅಂಕಿಗೆ ಗ್ರಹಚಾರ ಇರುವುದಿಲ್ಲ ಎಂದು ಅವರಿಗೆ ದೀರ್ಘ ಪಾಠ ಮಾಡಿ, ಎಂಟನ್ನೇ ಗಟ್ಟಿ ಮಾಡಿ ಬಂದೆ.

ನಮ್ಮ ಬಾಗಿಲಿಗೂ ಎಂಟೇ ಬಂತು.

ಬಿಸಿಲಿಗೆ ಫೋನು ತಪ್ಪು ತೋರಿಸುತ್ತಿರಬೇಕೆಂದು ಒಳಗೆ ಬಂದೆ. ನಡುಮನೆ, ಅಡುಗೆಮನೆ ದಾಟಿ ಹಿತ್ತಲ ಬಚ್ಚಲ ಪಕ್ಕಕ್ಕೆ ಬರುವಷ್ಟರಲ್ಲಿ ಶುದ್ಧವಾದ ಮೂರು ಸಿಕ್ಕಿತು. ಮೂರು ಗುರುವಿನದು, ಮೇಷ್ಟ್ರ ಮನೆಗೆ ಒಪ್ಪುತ್ತದೆ. ಇದು ಮೂಢನಂಬಿಕೆಯಲ್ಲ, ಸೌಂದರ್ಯಪ್ರಜ್ಞೆ ಎಂದು ನನಗೆ ನಾನೇ ವಿವರಿಸಿಕೊಂಡು ಅದನ್ನೇ ನಮ್ಮ ಮನೆಯ ವಿಳಾಸವಾಗಿ ಉಳಿಸಿದೆ.

ಹಿತ್ತಲ ಗೋಡೆಯಾಚೆ ಹಿಂದಿನ ಬೀದಿಯವರ ಮನೆ. ಅವರ ಬಚ್ಚಲ ನೀರು ನಮ್ಮ ಕಡೆ ಹರಿಯಿತೆಂದು ಜಗಳವಾಗಿ, ಆ ಗೋಡೆ ಎತ್ತರಿಸಿ ಗಾಜಿನ ಚೂರು ನೆಡಿಸಿದವನು ನಾನೇ. ಅಂದಿನಿಂದ ಆ ಮನೆಯ ಯಜಮಾನರಿಗೂ ನನಗೂ ಮಾತಿಲ್ಲ.

ಒಂದು ಸಂತೆಯ ದಿನ, ಊಟವಾದ ಮೇಲೆ, ನನ್ನ ಹೆಂಡತಿಗೆ ಉಸಿರು ಕಟ್ಟಿತು. ಗೋಡೆಗೊರಗಿ ಕೂತುಬಿಟ್ಟಳು. ನಾನು ಆಂಬುಲೆನ್ಸಿಗೆ ಫೋನು ಮಾಡಿ ಹತ್ತೂ ಅಕ್ಷರಗಳನ್ನು ಉಕ್ತಲೇಖನದಂತೆ ಬಿಡಿಬಿಡಿಯಾಗಿ ಹೇಳಿದೆ. ಹತ್ತಿರ ಏನಿದೆ ಎಂದು ಆ ಕಡೆಯ ಹೆಣ್ಣುಮಗಳು ಕೇಳಿದ್ದಕ್ಕೆ, ಈ ಪದ್ಧತಿಯಲ್ಲಿ ಹತ್ತಿರ ದೂರ ಎಂಬುದಿಲ್ಲಮ್ಮ ಎಂದು ತಿದ್ದಿದೆ.

ಸೈರನ್ನು ಬೇಗನೆ ಕೇಳಿಸಿತು. ಕೇಳಿಸಿದ್ದು ಹಿತ್ತಲ ಕಡೆಯಿಂದ. ಗಾಡಿ ಬಚ್ಚಲ ಪಕ್ಕದ ಚೌಕಕ್ಕೆ ಹತ್ತಿರವಾದ ಹಿಂದಿನ ಬೀದಿಯಲ್ಲಿ, ಅವರ ಮನೆ ಮುಂದೆ ನಿಂತಿತ್ತು. ಸುತ್ತಿ ಬರಬೇಕಾದರೆ ಸಂತೆ ಗಾಡಿಗಳನ್ನೆಲ್ಲ ಸರಿಸಬೇಕು, ಹೊತ್ತಾಗುತ್ತದೆ ಎಂದು ಡ್ರೈವರು ಫೋನಿನಲ್ಲಿ ಹೇಳಿದ. ನಾನು ಗಾಜಿನ ಚೂರುಗಳನ್ನು ನೋಡುತ್ತ ನಿಂತೆ. ಏಣಿ ತರಲೇ ಎಂದು ಹೆಂಡತಿಯನ್ನೇ ಕೇಳಿದೆನಂತೆ.

"ಏಣಿ ಬ್ಯಾಡ," ಎಂದಳು, ಮಾತಿಗೊಮ್ಮೆ ಉಸಿರೆಳೆದು. "ಒಗೆಯೋ ಕಲ್ಲಿನ ಹಿಂದೆ... ತಗಡು ಐತೆ. ಸರಿಸ್ರಿ."

ಸರಿಸಿದೆ. ಬಗ್ಗಿದರೆ ಒಬ್ಬರು ದಾಟುವಷ್ಟು ಕಂಡಿ; ಓಡಾಡಿ ಓಡಾಡಿ ಅಂಚು ನುಣುಪಾಗಿತ್ತು. ಆಚೆ ಬದಿಯಲ್ಲಿ, ಕಳೆದುಹೋಯಿತೆಂದು ನಾನು ನಂಬಿದ್ದ ನಮ್ಮ ಸ್ಟೀಲಿನ ಡಬ್ಬಿ ಬಿಸಿಲಿಗೆ ಬೋರಲಾಗಿ ಒಣಗುತ್ತಿತ್ತು. ಅದರ ಪಕ್ಕದಲ್ಲೇ ಹಿಂದಿನ ಮನೆಯ ಯಜಮಾನರ ತಲೆ ಕಾಣಿಸಿತು.

"ಏನ್ ನೋಡ್ತಾ ನಿಂತ್ರಿ ಮೇಷ್ಟ್ರೇ, ಅಕ್ಕನ್ನ ಈ ಕಡೆ ಬಿಡ್ರಿ."

ಇಬ್ಬರೂ ಸೇರಿ ಅವಳನ್ನು ಮೆಲ್ಲಗೆ ದಾಟಿಸಿದೆವು. ಅವರ ಅಡುಗೆಮನೆ, ದೇವರಮನೆಗಳ ಮುಂದೆ ಹಾಯಿಸಿ ಗಾಡಿ ಹತ್ತಿಸಿದೆವು. ಕರೆಯದೆ ಅವರೂ ಹತ್ತಿದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ ಮೇಲೆ ಅವಳ ತುಟಿಗೆ ಬಣ್ಣ ಮರಳಿತು. ದಮ್ಮು ಕೆರಳಿತ್ತು, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಚೀಟಿ ಬರೆಯುವವನು ಮನೆ ಎಲ್ಲಿ ಎಂದು ಕೇಳಿದ. ನಾನು ಹತ್ತೂ ಅಕ್ಷರ ಹೇಳಲು ಗಂಟಲು ಸರಿಮಾಡಿಕೊಂಡೆ.

"ನಮ್ಮನೆ ಹಿಂದ್ಲ ಮನೆ. ಬರ್ಕಳಪ್ಪ," ಎಂದರು ಜೊತೆಗೆ ಬಂದಿದ್ದ ಯಜಮಾನರು.

ಯಾವುದು ಯಾವುದರ ಹಿಂದಿನ ಮನೆ ಎಂಬ ಬಗ್ಗೆ ನನಗೆ ಬೇರೆಯೇ ಅಭಿಪ್ರಾಯವಿತ್ತು. ಅಷ್ಟರಲ್ಲಿ ಮಂಚದ ಮೇಲಿಂದ ಮಾಸ್ಕು ಹಾಕಿದ ಮುಖ ನನ್ನ ಕಡೆ ತಿರುಗಿತು. ಹಾಗೇ ಬರೆದುಕೊಳ್ಳಪ್ಪ ಎಂದೆ.