ಕುಂಕುಮವಿಲ್ಲದ ಊರು

ಡಾಕ್ಟರ್ ಅಂಕಲ್ ಅವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು. ಹುಟ್ಟಿನಿಂದ ಬಂದದ್ದಲ್ಲ, ನಲವತ್ತು ವರ್ಷ ಅದನ್ನು ಮುಚ್ಚಿಕೊಂಡು ಬಲಗಣ್ಣಿಗೆ ಭೂತಗನ್ನಡಿ ಹಿಡಿದು ಹಿಡಿದು ಆದದ್ದು. ಆ ಭೂತಗನ್ನಡಿ ಕಪ್ಪು ದಾರದಲ್ಲಿ ಅವರ ಕೊರಳಲ್ಲೇ ತೂಗುತ್ತಿತ್ತು. ಊಟಕ್ಕೆ ಕೂತರೆ ಸಾರಿನಲ್ಲಿ ಅದ್ದಿಹೋಗುತ್ತಿತ್ತು. ತೆಗೆದು ಪಂಚೆಗೆ ಒರೆಸಿ ಮತ್ತೆ ಇಳಿಬಿಟ್ಟುಕೊಳ್ಳುತ್ತಿದ್ದರು.

ಮೂಲ ಧಾರವಾಡ. ಇಂಗ್ಲೆಂಡಿನ ಎಸ್ಸೆಕ್ಸ್ ಎಂಬ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಟೆಕ್ಸಸ್ಸಿಗೆ ಬಂದವರು. ರಿಟೈರ್ ಆಗಿ ಮರ್ಫಿ ಎಂಬ ಊರಿನಲ್ಲಿ ಒಬ್ಬರೇ ಇದ್ದರು. ಗೋಡೆ ತುಂಬ ಇಂಗ್ಲೆಂಡಿನ ಕೌಂಟಿಗಳ ಮುನ್ನೂರು ನಾನೂರು ವರ್ಷ ಹಳೆಯ ನಕ್ಷೆಗಳು. ನಾನು ಪಕ್ಕದ ಪ್ಲೇನೋದಲ್ಲಿ ಒಂದು ನ್ಯಾವಿಗೇಷನ್ ಆ್ಯಪ್ ಟೆಸ್ಟ್ ಮಾಡುವ ಕಾಂಟ್ರ್ಯಾಕ್ಟಿನಲ್ಲಿದ್ದೆ. ಮೊದಲ ಭೇಟಿಯಲ್ಲೇ "ನಾನೂ ಮ್ಯಾಪಿನವಳೇ ಅಂಕಲ್" ಎಂದು ಜಂಬ ಕೊಚ್ಚಿಕೊಂಡೆ. ಅವರು ನನ್ನನ್ನು ಎಸ್ಸೆಕ್ಸ್ ನಕ್ಷೆಯ ಮುಂದೆ ನಿಲ್ಲಿಸಿ "ಹೆಸರು ಓದವಾ" ಎಂದರು. ನಾನು "ಎಫ್ಫೆಕ್ಸ್" ಎಂದು ಓದಿದೆ. ಅವರು ಕೆಮ್ಮು ಬರುವವರೆಗೆ ನಕ್ಕರು. ಆ ಕಾಲದಲ್ಲಿ ಪದದ ನಡುವಿನ ಎಸ್ ಅಕ್ಷರವನ್ನು ಎಫ್‌ನಂತೆ ಉದ್ದಕ್ಕೆ ಬರೆಯುತ್ತಿದ್ದರಂತೆ. ಅಂದಿನಿಂದ ನನ್ನ ಹೆಸರೇ ಎಫ್ಫೆಕ್ಸ್ ಆಯಿತು.

"ರಸ್ತೆಗಳೆಲ್ಲಿ ಅಂಕಲ್?" ಎಂದೆ. ಆ ನಕ್ಷೆಯಲ್ಲಿ ಒಂದೂ ರಸ್ತೆ ಇರಲಿಲ್ಲ.

"ಆಗಿನ ಮಂದಿಗೆ ದಾರಿ ಕೇಳ್ಲಿಕ್ಕೆ ಬಾಯಿ ಇತ್ತಲ್ಲ!"

ಗುಡ್ಡಗಳೆಂದರೆ ಸಾಲಾಗಿ ಇಟ್ಟ ಇಡ್ಲಿಗಳು, ಊರುಗಳೆಂದರೆ ಪುಟ್ಟ ಕೆಂಪು ಚುಕ್ಕೆಗಳು. ದೊಡ್ಡವರ ಜಿಂಕೆ ಉದ್ಯಾನಗಳಿಗೆ ಸುತ್ತ ಪುಟ್ಟ ಬೇಲಿ. ಸಮುದ್ರದಲ್ಲಿ ಒಂದು ಹಡಗು. ಅಳತೆಪಟ್ಟಿಯ ಮೇಲೆ ಕಾಲು ಚಾಚಿ ನಿಂತ ಕೈವಾರ, ಮೂಲೆಯಲ್ಲಿ ಬಳ್ಳಿಗಳ ಚೌಕಟ್ಟಿನೊಳಗೆ ಹೆಸರು. "ಮೊದಲ ಅಂಚು ಓದು, ಆಮ್ಯಾಲ ಊರು" ಎನ್ನುತ್ತಿದ್ದರು. ಕಾಗದದ ಅಂಚಿನ ಸುತ್ತ, ಅಚ್ಚು ಹಾಕುವಾಗ ತಾಮ್ರದ ತಗಡು ಒತ್ತಿದ ತಗ್ಗು ಗೆರೆ ಇದ್ದರೆ ಹಳೆಯ ಅಚ್ಚು ಎಂದು ನಂಬಬಹುದಂತೆ. ಒಮ್ಮೆ ಚೌಕಟ್ಟಿನಿಂದ ಹೊರತೆಗೆದಿದ್ದ ನಕ್ಷೆಯಲ್ಲಿ ಅದನ್ನು ಬೆರಳಿನಿಂದ ಮುಟ್ಟಿ ನೋಡಲು ಹೋದಾಗ ನನ್ನ ಕೈಗೆ ಫಟ್ಟೆಂದು ಒಂದು ಏಟು ಬಿತ್ತು. "ಕಣ್ಣಿಲೆ ನೋಡು. ಬೆರಳಿಗೆ ಬೆವರಿರ್ತದ." ಆ ಎಸ್ಸೆಕ್ಸ್ ನಕ್ಷೆ ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ ಕೊಡಿಸಿದ್ದು. ಆಕೆ ತೀರಿಹೋಗಿ ಹತ್ತು ವರ್ಷವಾಗಿತ್ತು.

ಎರಡು ಸಾವಿರದ ಹದಿನಾರರಲ್ಲಿ ಆಲಿಕಲ್ಲು ಬಿದ್ದು ಮರ್ಫಿಯ ಅವರ ಮನೆಯ ಛಾವಣಿ ಹಾಳಾಯಿತು. ರಿಪೇರಿ ಶುರುವಾಗುವ ಹೊತ್ತಿಗೆ ಅಕ್ಟೋಬರ್. ಅದೇ ಸಮಯಕ್ಕೆ ಮಂಡಿ ಆಪರೇಷನ್ನಿಗೆಂದು ಅವರು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿದ್ದ ಮಗಳ ಮನೆಗೆ ಹೊರಟರು. ನಕ್ಷೆಗಳೆಲ್ಲ ನಮ್ಮ ಮನೆಗೆ ಬಂದವು. ಎಸ್ಸೆಕ್ಸಿನ ಗಾಜು ಒಡೆದಿದ್ದರಿಂದ ಅದನ್ನು ಫೈಲಿನೊಳಗೆ ಬಿಡಿಯಾಗಿ ಇಟ್ಟು ಕೊಟ್ಟರು.

ಆಗ ಅಮ್ಮ ಮೈಸೂರಿನಿಂದ ಬಂದಿದ್ದಳು. ಬಂದ ವಾರದಲ್ಲೇ ಸ್ಟೀಲ್ ಪಾತ್ರೆಯನ್ನು ಮೈಕ್ರೋವೇವ್‌ನಲ್ಲಿಟ್ಟಿದ್ದಕ್ಕೆ ನಾನು ಬಾಯಿಗೆ ಬಂದಂತೆ ಕೂಗಾಡಿಬಿಟ್ಟಿದ್ದೆ. ನನ್ನ ಕೋಪಕ್ಕೆ ತಲೆಯಿಲ್ಲ, ಬಾಲವಿಲ್ಲ. ಆಮೇಲೆ ಅವಳು ನಲ್ಲಿ ತಿರುಗಿಸುವುದಕ್ಕೂ "ಇದನ್ನ ಮುಟ್ಟಬಹುದೇನೆ?" ಎಂದು ಕೇಳತೊಡಗಿದಳು. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಆಯುಧಪೂಜೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಮಿಕ್ಸಿಗೆ, ಹಳೆ ಲ್ಯಾಪ್‌ಟಾಪಿಗೆ, ಕುಕ್ಕರಿಗೆ ಕುಂಕುಮ ಬಿದ್ದಿತ್ತು. ಪುಸ್ತಕಗಳ ಮೇಲೆ ಎಸ್ಸೆಕ್ಸ್ ಹರಡಿಕೊಂಡಿತ್ತು. ಅದರ ಮೇಲೂ ಒದ್ದೆ ಕುಂಕುಮದ ಒಂದು ಬೊಟ್ಟು.

"ವಿದ್ಯೆಯಲ್ವೇನೆ, ಅದಕ್ಕೇ ಇಟ್ಟೆ. ನೋಡು, ಎಲ್ಲಾ ಊರಿಗೂ ಕುಂಕುಮ ಇಟ್ಟಿದಾರೆ, ಇದೊಂದನ್ನ ಬಿಟ್ಟುಬಿಟ್ಟಿದಾರೆ. ಪಾಪ ಅನ್ನಿಸ್ತು." ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತ್ತು.

ಕೂಗಾಡಲು ಬಾಯಿ ತೆರೆದೆ. ಆದರೂ "ಚೆನ್ನಾಗಿದೆಯಮ್ಮ" ಎಂದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವ ಮಾತನ್ನೂ ಆಡಿರಲಿಲ್ಲ.

ಶನಿವಾರ ಆಫೀಸ್ ಕೆಲಸವೆಂದು ಸುಳ್ಳು ಹೇಳಿ ಆಸ್ಟಿನ್‌ವರೆಗೆ ಡ್ರೈವ್ ಮಾಡಿದೆ. ಅಲ್ಲಿ ಹಳೆಯ ಕಾಗದ ಸರಿಪಡಿಸುವ ಒಬ್ಬ ಹೆಂಗಸು ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿ, ಬಣ್ಣ ಕಾಗದದೊಳಗೆ ಇಳಿದಿದೆ, ತೊಳೆದರೆ ಹರಡಬಹುದು, ಮಾಲೀಕರು ಒಪ್ಪದೆ ಮುಟ್ಟುವುದಿಲ್ಲ ಎಂದಳು. ಮೂರು ಗಂಟೆಯ ವಾಪಸು ದಾರಿಯಲ್ಲಿ ಅಂಕಲ್‌ಗೆ ಹೇಗೆ ಹೇಳುವುದೆಂದು ಗಟ್ಟಿಯಾಗಿ ಪ್ರಾಕ್ಟೀಸ್ ಮಾಡಿಕೊಂಡು ಬಂದೆ.

ನವೆಂಬರಿನಲ್ಲಿ ಅಂಕಲ್ ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಅಮ್ಮ ಒಳಗೆ ಕಾಫಿ ಬೆರೆಸುತ್ತಿದ್ದಳು. ಪ್ರಾಕ್ಟೀಸ್ ಮಾಡಿದ್ದೆಲ್ಲ ಮರೆತುಹೋಯಿತು. "ಅಂಕಲ್, ನಕ್ಷೆ ಹಾಳಾಯ್ತು. ಅಮ್ಮ ಕುಂಕುಮ ಇಟ್ಟುಬಿಟ್ರು. ಅದು ತಪ್ಪು ಅಂತ ಅವರಿಗೆ ಗೊತ್ತಿಲ್ಲ. ಬೈಯೋದಿದ್ರೆ ನನಗೆ ಬೈಯಿರಿ" ಎಂದು ಒಂದೇ ಉಸಿರಿಗೆ ಪಿಸುಗುಟ್ಟಿದೆ.

ಅವರು ಎಡಗಣ್ಣು ಮುಚ್ಚಿ ನಕ್ಷೆಯ ಮೇಲೆ ಬಾಗಿದರು. ಆ ಬೊಟ್ಟನ್ನು ನೋಡಿದರು. ಪಕ್ಕದ ಊರು, ಅದರ ಪಕ್ಕದ ಊರು, ಹೀಗೆ ಇಡೀ ಎಸ್ಸೆಕ್ಸ್ ಸುತ್ತಿ ಬಂದರು.

"ಅಯ್ಯ ಇವನ!" ಎಂದರು ಕೊನೆಗೆ. "ಆ ಕಾಲದಾಗ ಅಚ್ಚಾದ ಮ್ಯಾಲ ಕೈಲೆ ಬಣ್ಣ ಹಚ್ಚತಿದ್ರು. ಊರಿಗೊಂದು ಕೆಂಪು ಇಡೋದು ಪದ್ಧತಿ. ಹಚ್ಚಾವ ಈ ಊರು ಮರ್ತಾನ. ನಲವತ್ತು ವರ್ಷ ನೋಡೇನಿ, ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ ನೋಡು!"

ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಅಂಕಲ್ ಆ ಕಾಲುನೋವಿನಲ್ಲೂ ಎದ್ದು ನಿಂತರು. "ಅಮ್ಮಾರ, ಈ ಊರು ಖಾಲಿ ಐತಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

"ಅಯ್ಯೋ, ಅದರಲ್ಲೇನಿದೆ? ಬರಿಹಣೆ ಥಟ್ಟಂತ ಕಾಣಿಸಲ್ವೇ?" ಎಂದಳು ಅಮ್ಮ.

"ಭಾಳ ಛಲೋ ಮಾಡಿದ್ರಿ. ನಿಮ್ಮ ಕೈ ಆ ಬಣ್ಣ ಹಚ್ಚಿದಾವನ ಕೈಗಿಂತ ಸ್ಥಿರ ಐತ್ರಿ."

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಒಂದು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೋಗಿತ್ತು. ಹೊರಗೆ ಬಂದರೆ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಎಸ್ಸೆಕ್ಸಿನಲ್ಲಿ ಇನ್ನೂ ಬರಿಹಣೆಯ ಊರುಗಳಿವೆಯೇ ಎಂದು ಹುಡುಕುತ್ತಿದ್ದರು. ಹಳೆ ನಕ್ಷೆಗಳವರು ಅಚ್ಚಿನ ಕಾಲದ ಬಣ್ಣ, ಆಮೇಲೆ ಹಚ್ಚಿದ ಬಣ್ಣ ಎಂದು ಭೇದ ಮಾಡುತ್ತಾರೆ. ಅಂಕಲ್ ನಕ್ಷೆಯ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದರು: "ಒಂದು ಊರು, ಆಮೇಲಿನ ಬಣ್ಣ, ಮೈಸೂರಿನವರ ಕೈ." ಆಸ್ಟಿನ್‌ಗೆ ಅದು ಮತ್ತೆ ಹೋಗಲಿಲ್ಲ.

ಮೂರು ವರ್ಷದ ನಂತರ ಅಂಕಲ್ ಸೈಪ್ರೆಸ್‌ನ ಮಗಳ ಮನೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದವರು, ಹಾಗೆಯೇ ಹೋದರು. ಮೈಸೂರಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಅತ್ತುಬಿಟ್ಟಳು. ಆಮೇಲೆ, "ಅಷ್ಟು ದೊಡ್ಡ ಡಾಕ್ಟರು, ನಾನು ಬೊಟ್ಟಿಡೋವರೆಗೂ ಆ ಊರಿಗೆ ಬಣ್ಣ ಇಲ್ಲ ಅಂತ ಅವರಿಗೆ ಗೊತ್ತೇ ಇರಲಿಲ್ಲ ಕಣೇ" ಎಂದಳು. ಅಳುತ್ತಿದ್ದರೂ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

"ಹೌದಮ್ಮ" ಎಂದೆ. ತಾನು ಅಂದು ತಪ್ಪು ಮಾಡಿದ್ದೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.