ಒಂದು ಗಂಟೆ ಹಿಂದಿರುವ ದ್ವೀಪ

ಬೆಳಗ್ಗೆ ಸಿಂಗಪುರದ ಟ್ಯಾಂಪಿನೀಸಿನ ಮನೆಯಿಂದ ಹೊರಟಾಗ ನಮ್ಮ ಬಳಿ ಇದ್ದದ್ದು ಎರಡು ಪಾಸ್‌ಪೋರ್ಟು, ಒಂದು ಕೊಡೆ, ಐದು ಜನಕ್ಕೆ ಸಾಲುವಷ್ಟು ಪುಳಿಯೋಗರೆ. "ರೀ, ಅವರು ಕರೆದಿರೋದೇ ಊಟಕ್ಕೆ. ಈ ಡಬ್ಬ ಯಾಕ್ರೀ?" ಅಂದೆ. "ಸೇಫ್ಟಿಗೆ ಇರ್ಲಿ, ಸುಮ್ನಿರೇ," ಅಂದರು ನಮ್ಮನೆಯವರು. ಮೈಸೂರು ಬಿಟ್ಟು ಇಷ್ಟು ವರ್ಷವಾದರೂ ಪುಳಿಯೋಗರೆ ಇಲ್ಲದೆ ಈ ಮನುಷ್ಯ ನೀರು ದಾಟುವುದಿಲ್ಲ.

ಕರೆದವರು ರೋಸ್ನಾ ಆಂಟಿ. ನಮ್ಮ ಬ್ಲಾಕಿನಲ್ಲಿ ಬಹಳ ವರ್ಷ ಪಕ್ಕದ ಮನೆಯಲ್ಲಿದ್ದ ಮಲಯ್ ಹೆಂಗಸು. ಗಂಡ ತೀರಿಕೊಂಡ ಮೇಲೆ ಫ್ಲ್ಯಾಟ್ ಮಾರಿ, ಇಂಡೋನೇಷ್ಯಾದ ಬಿಂತಾನ್ ದ್ವೀಪದಲ್ಲಿರುವ ಅಕ್ಕನ ಮನೆಗೆ ಶಿಫ್ಟ್ ಆದರು. ಗಣೇಶನ ಹಬ್ಬಕ್ಕೆ ನಮ್ಮ ಕಡುಬು ಅವರಲ್ಲಿಗೆ ಹೋಗುತ್ತಿತ್ತು, ಅವರ ಹಬ್ಬಕ್ಕೆ ಅಲ್ಲಿಂದ ಹಣ್ಣು ಬರುತ್ತಿತ್ತು. ಬೇಯಿಸಿದ್ದು ಎಂದೂ ಬರಲಿಲ್ಲ. ನಾವು ಸಸ್ಯಾಹಾರಿಗಳು, ಅವರ ಒಲೆಯ ಮೇಲೆ ಮೀನು. ಇದನ್ನು ಯಾರೂ ಬಾಯಿಬಿಟ್ಟು ಆಡಿದ್ದಲ್ಲ. ಹೋದ ತಿಂಗಳು ಫೋನಿನಲ್ಲಿ, "ವಸಂತಾ, ಒಂದೇ ಒಂದು ಸಲ ನನ್ನ ಕೈಯಡುಗೆ ಉಣ್ಣು," ಅಂದರು. "ಖಂಡಿತ ಆಂಟಿ, ಬಂದು ಉಂಡೇ ಹೋಗ್ತೀವಿ," ಅಂದೆ. ಮಾತು ಕೊಟ್ಟವಳು ನಾನು.

ಸಿಂಗಪುರದ ತಾನಾ ಮೇರಾ ಬಂದರಿನಿಂದ ಫೆರ್ರಿಯಲ್ಲಿ ಎರಡು ಗಂಟೆ. ಇಬ್ಬರಿಗೂ ಹೋಗಿಬರಲು ನೂರೈವತ್ತು ಡಾಲರ್ ಹತ್ತಿರ ಆಯಿತು. ಸಿಂಗಪುರದಿಂದ ಬಿಂತಾನ್‌ಗೆ ಹೋಗುವವರು ಹೆಚ್ಚಾಗಿ ಉತ್ತರದ ರೆಸಾರ್ಟುಗಳಿಗೆ ಹೋಗಿ ಮರಳಿನಲ್ಲಿ ಮಲಗಿ ಬರುತ್ತಾರೆ. ನಾವು ಇಳಿದದ್ದು ತಾಂಜುಂಗ್ ಪಿನಾಂಗ್‌ನಲ್ಲಿ. ರಿಯಾವ್ ದ್ವೀಪಗಳ ಪ್ರಾಂತ್ಯಕ್ಕೆ ಇದೇ ರಾಜಧಾನಿ, ಆದರೂ ಸಂತೆಪೇಟೆಯ ಹಾಗೆ ಗಿಜಿಗುಡುವ ಊರು. ವೀಸಾಕ್ಕೆ ಐದು ಲಕ್ಷ ರುಪಿಯಾ ಅಂದಾಗ ನಮ್ಮನೆಯವರು ಎದೆ ಹಿಡಿದುಕೊಂಡರು. ಡಾಲರ್ ಲೆಕ್ಕಕ್ಕೆ ಇಳಿಸಿದ ಮೇಲೆ ಉಸಿರು ಬಂತು. ಗೋಡೆಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದಿತ್ತು. "ನೋಡೇ, ಒಂದು ಗಂಟೆ ಫ್ರೀ!" ಅಂತ ಹಿಗ್ಗಿದರು. ನಾನು ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆ.

ಊಟಕ್ಕಿನ್ನೂ ಹೊತ್ತಿದ್ದುದರಿಂದ ಮರದ ದೋಣಿ ಹತ್ತಿ ಎದುರಿನ ಪೆನ್ಯೆಂಗಾತ್ ದ್ವೀಪಕ್ಕೆ ಹೋಗಿಬಂದೆವು. ಅಲ್ಲಿ ಹಳದಿ ಬಣ್ಣದ ಹಳೆಯ ಮಸೀದಿಯಿದೆ. ಅದರ ಗಾರೆಗೆ ಮೊಟ್ಟೆಯ ಬಿಳಿ ಕಲಸಿ ಕಟ್ಟಿದರಂತೆ ಅಂತ ದೋಣಿಯವನು ಹೇಳಿದ. "ಅಯ್ಯಯ್ಯೋ, ಇಲ್ಲಿ ಗೋಡೆಗೂ ಮೊಟ್ಟೆ!" ಅಂತ ನಮ್ಮನೆಯವರು ಡಬ್ಬದ ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆಂಟಿಯ ಮನೆ ಸಮುದ್ರದ ಮೇಲೆ ಮರದ ಕಂಬ ಊರಿ ಕಟ್ಟಿದ್ದು. ಹಲಗೆಯ ಸಂದಿನಲ್ಲಿ ಕೆಳಗೆ ನೀರು ಕಾಣುತ್ತದೆ. ನನ್ನನ್ನು ತಬ್ಬಿಕೊಂಡು, "ಇನ್ನು ಅರ್ಧ ಗಂಟೆ, ಕೂತ್ಕೊಳ್ಳಿ," ಎಂದು ಒಳಗೆ ಓಡಿದರು. ತೆಂಗಿನ ಹಾಲು ಕುದಿಯುವ ವಾಸನೆ ಘಮಘಮ ಬರುತ್ತಿತ್ತು. ಅಲ್ಲಿನ್ನೂ ಹನ್ನೆರಡಾಗಿರಲಿಲ್ಲ, ಆದರೆ ನಮ್ಮನೆಯವರ ಹೊಟ್ಟೆ ಸಿಂಗಪುರದ ಟೈಮಿನಲ್ಲೇ ಇತ್ತು. "ಆಸಿಡಿಟಿ ಆಗುತ್ತೆ ಕಣೇ, ಎರಡು ತುತ್ತು ತಿಂತೀನಿ," ಅಂತ ಡಬ್ಬ ತೆಗೆದರು. ಸಾಲದ್ದಕ್ಕೆ ನನ್ನ ಕೈಗೂ ಒಂದು ಚಮಚ ಕೊಟ್ಟರು. ನಾನೂ ಬಾಯಿಗಿಟ್ಟೆ.

ಆಗಲೇ ಆಂಟಿ ಊಟಕ್ಕೆ ಖಾಲಿ ತಟ್ಟೆಗಳನ್ನು ಹಿಡಿದು ಬಾಗಿಲಿಗೆ ಬಂದರು. ನಮ್ಮನೆಯವರು ಪ್ರೀತಿಯಿಂದಲೇ, "ಬನ್ನಿ ಆಂಟಿ, ನೀವು ಯಾಕೆ ಕಷ್ಟಪಡ್ತೀರಿ? ಎಲ್ಲರಿಗೂ ಸಾಕಾಗುವಷ್ಟು ತಂದಿದ್ದೀವಿ," ಅಂದರು. ಆಂಟಿ ನಮ್ಮ ಕೈಯಲ್ಲಿದ್ದ ಚಮಚಗಳನ್ನು ನೋಡಿದರು. ಆಮೇಲೆ, "ಓಕೆ, ಓಕೆ ಲಾ," ಎಂದು ಸಿಂಗಪುರದ ಧಾಟಿಯಲ್ಲೇ ಹೇಳಿ, ಪುಳಿಯೋಗರೆಗೆ ಆ ತಟ್ಟೆಗಳನ್ನೇ ನಮ್ಮ ಮುಂದಿಟ್ಟರು. "ನೀವು ಮಾಡಿದ್ದು?" ಅಂತ ಕೇಳಿದೆ. "ಏನಿಲ್ಲ, ಮನೆಗೆ ಅಂತ ಏನೋ ಒಂದು," ಅಂದರು. ಮೀನಿನದಿರಬೇಕು ಅಂದುಕೊಂಡೆ. ನಿಜ ಹೇಳುತ್ತೇನೆ, ಆಗ ನನಗೆ ಒಳಗೊಳಗೇ ಹಾಯೆನಿಸಿತು. ಆಂಟಿ ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡು ಹೊಗಳಿ ತಿಂದರು.

ಸ್ವಲ್ಪ ಹೊತ್ತಿನ ಮೇಲೆ ಕೈ ತೊಳೆಯಲು ಅಡುಗೆಮನೆಗೆ ಹೋದೆ. ತೊಳೆದು ಬೋರಲು ಹಾಕಿದ ಪಾತ್ರೆಯ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಪಕ್ಕದಲ್ಲಿ ಹೊಸ ಸೌಟು. ಅಲ್ಲೇ ಇದ್ದ ಆಂಟಿಯ ಅಕ್ಕ ಮೆಲ್ಲಗೆ ಹೇಳಿದರು: "ಮೀನು ಮುಟ್ಟದ ಪಾತ್ರೆ ಬೇಕು ಅಂತ ನಿನಗೋಸ್ಕರ ತಂದಳು. ಎಳೆ ಹಲಸಿನಕಾಯಿ ಸಾರು, ಒಣ ಸೀಗಡಿ ಕೂಡ ಹಾಕಿರಲಿಲ್ಲ."

"ಎಲ್ಲಿದೆ? ಕೊಡಿ, ಈಗಲೇ ತಿಂತೀನಿ," ಅಂದೆ.

"ಪಕ್ಕದ ಮನೆಯಲ್ಲಿ ಮಕ್ಕಳು ಜಾಸ್ತಿ. ಆಗಲೇ ಅವರಿಗೆ ಕೊಟ್ಟು ಕಳಿಸಿದಳು."

ಹೊರಗೆ ಬಂದು ಆಂಟಿಯ ಕೈ ಹಿಡಿದು, "ತಪ್ಪಾಯ್ತು ಆಂಟಿ, ನನಗೆ ಗೊತ್ತಾಗಲಿಲ್ಲ," ಅಂದೆ. "ಅಯ್ಯೋ, ಪರವಾಗಿಲ್ಲ ಲಾ. ನಿಮ್ಮ ಊಟ ನಿಮಗೆ ಅಭ್ಯಾಸ," ಎಂದು ಬೆನ್ನು ಸವರಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಮೋಡ ಕವಿದು ಸೆಖೆ ಜೋರಾಗಿತ್ತು. ಆಂಟಿ ಜೆಟ್ಟಿಯವರೆಗೂ ಬಂದು ಒಂದು ಚೀಲ ರಂಬುಟಾನ್ ನನ್ನ ಕೈಗಿತ್ತರು. "ಹಣ್ಣು ಇದು, ಬೇಯಿಸಿದ್ದಲ್ಲ. ಇದನ್ನು ನೀನು ತಿನ್ನಬಹುದು," ಅಂದರು. ಅವರ ಮುಖದಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ.

ಫೆರ್ರಿ ಹೊರಟಿತು. ಆಂಟಿಯ ಬಿಳಿ ಮುಸುಕು ಬಹಳ ದೂರದವರೆಗೆ ಕಾಣುತ್ತಿತ್ತು. ನಮ್ಮನೆಯವರು ಒಂದು ಹಣ್ಣು ಸುಲಿದು, "ತಗೋ, ಸಿಹಿಯಾಗಿದೆ," ಅಂದರು. ಪಾತ್ರೆಯ ವಿಷಯ ಹೇಳಿದೆ. ಹಣ್ಣು ಅವರ ಕೈಯಲ್ಲೇ ಉಳಿಯಿತು. "ಇನ್ನೊಂದು ಸಲ ಹೋಗೋಣ, ಬರೀ ಕೈಲಿ," ಅಂದರು.

ಹೋಗಬಹುದು. ಆದರೆ ಆಂಟಿ ಇನ್ನು ನಮಗಾಗಿ ಒಲೆ ಹಚ್ಚುವುದಿಲ್ಲ, ಹಣ್ಣನ್ನೇ ಇಡುತ್ತಾರೆ. ನಾನು ಕೈಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆ. ಬೆಳಗ್ಗೆ ಫ್ರೀಯಾಗಿ ಸಿಕ್ಕಿದ್ದು ಅದೇ ಗಂಟೆ, ಅದರಲ್ಲಿ ಅರ್ಧ ಗಂಟೆ ಕಾಯಲು ನಮ್ಮ ಕೈಲಾಗಲಿಲ್ಲ.