ಬಾಯಿ ತೆರೆದು ಹೇಳಿದ ‘ಅತ್ತ್’

ಆರು ತಿಂಗಳ ಹಿಂದೆ ನನ್ನದೊಂದು ಹಲ್ಲು ಹೋಯಿತು. ಕೀಳಿಸಲಿಕ್ಕೆಂದೇ ಹೋಗಿದ್ದೆ, ಸರಿ. ಆದರೆ ಹೋಗಬೇಕಾದದ್ದು ಉಳಿಯಿತು, ಉಳಿಯಬೇಕಾದದ್ದು ಹೋಯಿತು!

ನಡೆದದ್ದಿಷ್ಟು. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಹಿಂದಿನದು ಹುಳುಕಾಗಿ, ನಾಲ್ಕು ದಿನ ಗಂಜಿ ಕುಡಿಯಲಿಕ್ಕೂ ಬಿಡಲಿಲ್ಲ. ವೇಣೂರಿನಲ್ಲಿ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ. ಅಲ್ಲಿ ಹೊಸದಾಗಿ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದಾರೆ. ಘಟ್ಟದ ಮೇಲಿನವರು. ರೋಗಿಗಳಿಗೆ ಹತ್ತಿರವಾಗಬೇಕೆಂದು ತುಳು ಕಲಿಯುತ್ತಿದ್ದಾರೆ. ಆಗ ಬರುತ್ತಿದ್ದದ್ದು ಮೂರೇ ಶಬ್ದ. ‘ಉಂದಾ’ ಅಂದರೆ ಇದಾ, ‘ಅಂದ್’ ಅಂದರೆ ಹೌದು, ‘ಅತ್ತ್’ ಅಂದರೆ ಅಲ್ಲ. (ಹಲ್ಲು ಕೀಳಲಿಕ್ಕೆ ಇಷ್ಟು ಸಾಕೆಂದು ಅವರ ಅಂದಾಜು.)

ನನ್ನ ಬಾಯೊಳಗೆ ಒಂದು ಕನ್ನಡಿ, ಒಂದು ಹೆಬ್ಬೆರಳು ಇಟ್ಟು, ಕೋರೆಹಲ್ಲಿಗೆ ಟಕ್ಕೆಂದು ತಟ್ಟಿ ಕೇಳಿದರು: “ಉಂದಾ?”

“ಅತ್ತ್” ಎಂದೆ.

ಎಂದೆನೇ? ನಾಲಿಗೆ ಹಲ್ಲಿಗೆ ತಾಗದೆ ‘ತ್ತ್’ ಹೊರಡುವುದು ಹೇಗೆ? ಹೊರಟದ್ದು ಬರೀ “ಆಂ...” ಡಾಕ್ಟರು ಸಂತೋಷದಿಂದ ತಲೆಯಾಡಿಸಿ ಸೂಜಿ ಚುಚ್ಚಿದರು. ಅರ್ಧ ಮುಖ ಮರಗಟ್ಟಿತು. ಯಾವುದನ್ನು ಕಿತ್ತರೋ ಆಗ ತಿಳಿಯಲಿಲ್ಲ.

ತಿಳಿದದ್ದು ವಾಪಸು ಬಸ್ಸಿನಲ್ಲಿ. ಹಳೆಯ ನೋವು ಹಳೆಯ ಜಾಗದಲ್ಲೇ ಎದ್ದು ಕೂತಿತು. ನಾಲಿಗೆ ಆಡಿಸಿ ನೋಡಿದರೆ ಕೋರೆಹಲ್ಲೇ ಇಲ್ಲ!

ಮರುದಿನ ಹೋಗಿ ಕೇಳಿದೆ. “ನೀವೇ ‘ಅಂದ್’ ಅಂದ್ರಲ್ಲ ಸ್ವಾಮಿ!” ಎಂದರು ಡಾಕ್ಟರು.

ಒಂದು ಹಲ್ಲಿಗೆ ಇಷ್ಟು ಗಲಾಟೆಯೇ ಎನ್ನಬೇಡಿ. ಹಳೇ ಮನೆಗಳ ಮರಮಟ್ಟು ಕೊಂಡು ಮಾರುವವನು ನಾನು. ಅಪ್ಪ ಬಿಟ್ಟುಹೋದ ಆಸ್ತಿ ಏನಿಲ್ಲ. ನಾಲಿಗೆಯೇ ನನ್ನ ಬಂಡವಾಳ. ಆ ವಾರ ಪಾಣೆಮಂಗಳೂರಿನಲ್ಲಿ ಒಬ್ಬ ಬ್ಯಾರಿ ವ್ಯಾಪಾರಿಯ ಎದುರು ‘ಸಾಗುವಾನಿ’ ಎಂದೆ. ಹಲ್ಲಿನ ಸಂದಿಯಿಂದ ಸುಂಯ್ ಎಂದು ಗಾಳಿ ಹೋಯಿತು.

“ಎಂತ ಧಣಿಗಳೇ, ಮರವನ್ನು ಸೀಟಿ ಹೊಡೆದು ಕರೆಯುವುದಾ?” ಎಂದು ಅವರು ನಕ್ಕರು. ನಗಿಸಿದವನು ಚೌಕಾಸಿ ಮಾಡಲಾರ. ವ್ಯಾಪಾರ ಮುರಿಯಿತು.

ನೆಟ್ಟಗೆ ಬಂಟ್ವಾಳಕ್ಕೆ, ನನ್ನ ಪರಿಚಯದ ವಕೀಲರಲ್ಲಿಗೆ ಹೋದೆ. ಎಲ್ಲ ಕೇಳಿ, “ಒಂದು ಪರೀಕ್ಷೆ ಮಾಡುವ” ಎಂದು ಎರಡು ಬೆರಳು ನನ್ನ ಬಾಯಿಗೆ ತುರುಕಿದರು. “ಈಗ ‘ಅತ್ತ್’ ಹೇಳಿ ಮಾರಾಯ್ರೇ.”

“ಆಂ...”

ಪಕ್ಕದ ಕೋಣೆಯಲ್ಲಿದ್ದ ಗುಮಾಸ್ತರಿಗೆ ಕೂಗಿದರು. “ಇವರು ಎಂತ ಹೇಳಿದ್ದು?”

“‘ಅಂದ್’ ಹೇಳಿದ್ರಲ್ಲ” ಎಂದರು ಆ ಪುಣ್ಯಾತ್ಮರು.

“ಆಯ್ತಲ್ಲ? ನನ್ನ ಗುಮಾಸ್ತರೇ ಆ ಕಡೆಯ ಸಾಕ್ಷಿ. ಕೇಸು ನಿಲ್ಲುವುದಿಲ್ಲ.”

ಆಗುವುದಿಲ್ಲ ಎಂದಲ್ಲಿಂದಲೇ ನನ್ನ ಚೌಕಾಸಿ ಶುರು. “ವಕೀಲರೇ, ನೀವು ಇನ್ನೊಬ್ಬರ ಹತ್ತಿರ ಯಾಕೆ ಕೇಳಿದ್ದು? ಬೆರಳು ಬಾಯೊಳಗೆ ಇರುವಾಗ ಮಾತು ಸರಿ ಬರುವುದಿಲ್ಲ ಅಂತ ನಿಮಗೆ ಗೊತ್ತಿದ್ದದ್ದಕ್ಕೇ ಅಲ್ವಾ? ದಿನಾ ಬಾಯೊಳಗೇ ಕೆಲಸ ಮಾಡುವ ಡಾಕ್ಟ್ರಿಗೆ ಗೊತ್ತಿಲ್ವಾ? ಬೆರಳು ತೆಗೆದು ಇನ್ನೊಂದು ಸಲ ಕೇಳಬಹುದಿತ್ತಲ್ಲ?”

ವಕೀಲರು ಕನ್ನಡಕ ಹಣೆಗೇರಿಸಿದರು. “ಕೂತ್ಕೊಳ್ಳಿ. ಇದು ಪಾಯಿಂಟ್.”

ನೋಟೀಸು ತಯಾರಾಯಿತು. ಏನು ಕೇಳಬೇಕೆಂದು ಹೇಳಿಕೊಟ್ಟವನು ಮಾತ್ರ ನಾನೇ. ಹಣ ಬೇಡ. ಹಣ ಕೇಳಿದರೆ ಡಾಕ್ಟರೂ ವಕೀಲರನ್ನು ಹಿಡಿಯುತ್ತಾರೆ. ವಾಯಿದೆಯ ಮೇಲೆ ವಾಯಿದೆ, ನನ್ನ ಹುಳುಕು ನನ್ನ ಬಾಯಲ್ಲೇ. ಅದನ್ನು ಕಿತ್ತು, ಎರಡು ಜಾಗಕ್ಕೂ ಹಲ್ಲು ಕಟ್ಟಿಕೊಡಲಿ. (ನೀವೂ ನೆನಪಿಡಿ: ಎದುರಿನವನು ಕೊಡಬಲ್ಲದ್ದನ್ನೇ ಕೇಳಬೇಕು.)

ಡಾಕ್ಟರು ಮರ್ಯಾದಸ್ಥರು. ನೋಟೀಸು ಓದಿ ತಾವೇ ಹೇಳಿಕಳಿಸಿದರು. “ತಪ್ಪು ನನ್ನದೇ. ಇನ್ನೊಂದ್ಸಲ ಕೇಳ್ಬೇಕಿತ್ತು” ಎಂದರು. ಈ ಸಲ ನನ್ನ ಕೈಗೇ ಕನ್ನಡಿ ಕೊಟ್ಟರು. ಹುಳುಕಿನ ಮೇಲೆ ನಾನೇ ಬೆರಳಿಟ್ಟು ತೋರಿಸಿದೆ. ಐದು ನಿಮಿಷದಲ್ಲಿ ನೋವು ತಟ್ಟೆಗೆ ಬಿತ್ತು. ಕಟ್ಟಿದ ಹಲ್ಲುಗಳೂ ಈಗ ಚೆನ್ನಾಗಿಯೇ ಕೂತಿವೆ.

ಆದರೆ ಆಮೇಲೆ ನನಗೊಂದು ಚಟ ಹತ್ತಿದೆ. ಪಂಚಾಯಿತಿಯಲ್ಲಿ ‘ಎಲ್ಲರೂ ಒಪ್ಪಿದರು’ ಎಂದು ಬರೆಯುವಾಗ, ಹೆಣ್ಣು ನೋಡಲು ಬಂದವರು ‘ಹುಡುಗಿ ಹೂಂ ಅಂದಳು’ ಎನ್ನುವಾಗ, “ಸರಿಯಾಗಿ ಕೇಳಿಸಿತಾ?” ಎನ್ನುತ್ತೇನೆ. ಜನ ಸಿಡುಕುತ್ತಾರೆ.

ಬಾಯಿ ತೆರೆದರೂ ಮಾತು ಹೊರಡದ ಜಾಗ ಹಲ್ಲಿನ ಡಾಕ್ಟರ ಕುರ್ಚಿ ಒಂದೇ ಎಂದುಕೊಂಡಿದ್ದೀರಾ?